ಜೀವಂತ ಕೋಶದ ಅಲರ್ಜಿಯನ್ನು ಬೆಳಕಿನಲ್ಲಿ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನ ಒಂದು ಲ್ಯಾಬಿನಲ್ಲಿ ಅಲರ್ಜಿಯ ಕೋಶಗಳನ್ನು ಆಪ್ಟಿಕಲ್ ಸೆನ್ಸರಿನಲ್ಲಿ, ಅಂದರೆ ಬೆಳಕಿನಿಂದ ಅಳೆಯುವ ಯಂತ್ರದಲ್ಲಿ, ನೋಡುವ ಕೆಲಸ ಮಾಡುತ್ತೇನೆ. ನಮ್ಮೂರು ಪಾಂಡವಪುರದ ಕಡೆ. ಮನೆಯಲ್ಲಿ ಕಬ್ಬು, ಭತ್ತ, ಒಂದಿಷ್ಟು ಹಿಪ್ಪುನೇರಳೆ. ಊರಿಗೆ ಹೋದಾಗೆಲ್ಲ ಯಾರಾದರೂ ಒಂದು ಲ್ಯಾಬ್ ರಿಪೋರ್ಟ್ ಹಿಡಿದು ಬರುತ್ತಾರೆ. ಕಾಲೇಜು ಮಕ್ಕಳು ಲ್ಯಾಬ್ ನೋಡಲು ಬಂದಾಗಲೂ ಸುಮಾರು ಇವೇ ಪ್ರಶ್ನೆಗಳು. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಅಲರ್ಜಿ ಆದಾಗ ಕೋಶದೊಳಗೆ ಏನಾಗುತ್ತದೆ?

ನಮ್ಮ ಚರ್ಮದಲ್ಲಿ, ಮೂಗಿನಲ್ಲಿ, ಶ್ವಾಸನಾಳದಲ್ಲಿ, ಕರುಳಿನಲ್ಲಿ ಮಾಸ್ಟ್ ಕೋಶ ಎನ್ನುವ ಕಾವಲುಗಾರರು ಇರುತ್ತಾರೆ. 1878ರಲ್ಲಿ ಪಾಲ್ ಎರ್ಲಿಕ್ ಇವುಗಳಿಗೆ ಬಣ್ಣ ಹಾಕಿ ನೋಡಿ ಹೆಸರಿಟ್ಟರು. ಕೋಶದ ತುಂಬ ಸಣ್ಣ ಸಣ್ಣ ಚೀಲಗಳು. ಅವುಗಳಲ್ಲಿ ಹಿಸ್ಟಮಿನ್ ತುಂಬಿರುತ್ತದೆ. ರಕ್ತದಲ್ಲಿ ಇವುಗಳ ದಾಯಾದಿಗಳಂತೆ ಬೇಸೋಫಿಲ್ ಕೋಶಗಳಿವೆ. ಆದರೆ ಬಹಳ ಕಡಿಮೆ. ಬಿಳಿ ರಕ್ತಕಣಗಳಲ್ಲಿ ನೂರಕ್ಕೆ ಒಂದೂ ಸಿಗುವುದಿಲ್ಲ.

ಈ ಕೋಶಗಳ ಮೈಮೇಲೆ ಐಜಿಇ ಎನ್ನುವ ಪ್ರತಿಕಾಯ (ಹೊರಗಿನ ವಸ್ತುವನ್ನು ಗುರುತಿಸಿ ಹಿಡಿಯುವ ಪ್ರೋಟೀನ್) ಕೂತಿರುತ್ತದೆ. ಇದನ್ನು 1966-67ರಲ್ಲಿ ಎರಡು ಕಡೆ ಕಂಡುಹಿಡಿದರು. ಅಮೆರಿಕದ ಡೆನ್ವರಿನಲ್ಲಿ ಇಶಿಜಾಕಾ ದಂಪತಿ, ಸ್ವೀಡನ್ನಿನ ಉಪ್ಸಾಲಾದಲ್ಲಿ ಯೊಹಾನ್ಸನ್ ಮತ್ತು ಬೆನಿಕ್. ಶೇಂಗಾದ ಪ್ರೋಟೀನ್ ಬಂತು ಅಂತ ಇಟ್ಟುಕೊಳ್ಳಿ. ಅದು ಪಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿದು ಹತ್ತಿರಕ್ಕೆ ಎಳೆಯಬೇಕು. ಆಗಲೇ ಕೋಶ ಎಚ್ಚರಗೊಳ್ಳುವುದು. ಒಳಗೆ ಕ್ಯಾಲ್ಸಿಯಂ ಏರುತ್ತದೆ, ಚೀಲಗಳು ಅಂಚಿಗೆ ಬಂದು ಒಡೆಯುತ್ತವೆ, ಹಿಸ್ಟಮಿನ್ ಹೊರಗೆ ಚೆಲ್ಲುತ್ತದೆ. ತುರಿಕೆ, ದದ್ದು, ಸೀನು, ಉಬ್ಬಸ ಎಲ್ಲ ಅಲ್ಲಿಂದಲೇ ಶುರು. ಇದೆಲ್ಲ ಕೆಲವೇ ನಿಮಿಷದ ಕೆಲಸ.

"ಎರಡನ್ನು ಒಟ್ಟಿಗೆ ಹಿಡಿಯಬೇಕು" ಎನ್ನುವ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನ ಉತ್ತರ ಅದರ ಮೇಲೇ ನಿಂತಿದೆ.

ರಕ್ತದಲ್ಲಿ ಐಜಿಇ ನೋಡುವ ಟೆಸ್ಟ್ ಇದೆಯಲ್ಲ? ಮತ್ತೆ ಕೋಶವನ್ನೇ ಯಾಕೆ ನೋಡಬೇಕು?

ನನ್ನ ಇಡೀ ಕೆಲಸ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ರಕ್ತದಲ್ಲಿ ಐಜಿಇ ಇದ್ದ ಮಾತ್ರಕ್ಕೆ ಅಲರ್ಜಿ ಇದೆ ಎಂದು ಹೇಳಲು ಬರುವುದಿಲ್ಲ. ಇದಕ್ಕೆ ನಮ್ಮ ಊರಿನ ಲೆಕ್ಕವೇ ಇದೆ. ಯೂರೋಪ್ರಿವಾಲ್ ಎನ್ನುವ ದೊಡ್ಡ ಆಹಾರ ಅಲರ್ಜಿ ಅಧ್ಯಯನದ ಭಾರತದ ಭಾಗ ನಡೆದದ್ದು ಬೆಂಗಳೂರು ಮತ್ತು ಮೈಸೂರಿನ ಜನರ ಮೇಲೆ. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ದೊಡ್ಡವರಲ್ಲಿ ಶೇ. 26.5ರಷ್ಟು ಜನರ ರಕ್ತದಲ್ಲಿ ಯಾವುದಾದರೂ ಒಂದು ಆಹಾರಕ್ಕೆ ಐಜಿಇ ಸಿಕ್ಕಿತು. ಆದರೆ ತಿಂದಾಗ ನಿಜಕ್ಕೂ ತೊಂದರೆ ಆಗುವ, ಆಹಾರದ ಅಲರ್ಜಿ ಇರಬಹುದು ಎನ್ನುವಂಥವರು ಶೇ. 1.2 ಮಾತ್ರ. ನೂರು ಜನರಲ್ಲಿ ಇಪ್ಪತ್ತಾರು ಜನರ ರಿಪೋರ್ಟಿನಲ್ಲಿ ಪಾಸಿಟಿವ್. ಮೈಗೆ ಆಗದಿರುವುದು ಒಬ್ಬರಿಗೆ.

ಹೀಗೆ ಯಾಕಾಗುತ್ತದೆ? ಕೆಲವು ಐಜಿಇ ಅಲರ್ಜನ್ನನ್ನು, ಅಂದರೆ ಅಲರ್ಜಿ ತರುವ ವಸ್ತುವನ್ನು, ಗಟ್ಟಿಯಾಗಿ ಹಿಡಿಯುವುದಿಲ್ಲ. ಕೆಲವು ಹುಲ್ಲಿನ ಪರಾಗಕ್ಕೆ ಹುಟ್ಟಿದ್ದು, ಶೇಂಗಾದಲ್ಲಿ ಅದೇ ತರಹದ ಪ್ರೋಟೀನ್ ಇರುವುದರಿಂದ ಟೆಸ್ಟಿನಲ್ಲಿ ಅದಕ್ಕೂ ಅಂಟುತ್ತವೆ. ಕೆಲವು ಪ್ರೋಟೀನಿನ ಮೇಲಿರುವ ಸಕ್ಕರೆಯ ಸರಪಳಿಗೆ ಅಂಟುತ್ತವೆ. ಅದರಿಂದ ಮೈಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಇನ್ನು ಕೆಲವು ಸಲ ಅಲರ್ಜನ್ನಿನ ಮೇಲೆ ಐಜಿಇಗೆ ಹಿಡಿಯಲು ಒಂದೇ ಜಾಗ ಇರುತ್ತದೆ. ಎರಡನ್ನು ಒಟ್ಟಿಗೆ ಎಳೆಯಲು ಆಗುವುದಿಲ್ಲ. ಕೋಶ ಸುಮ್ಮನಿರುತ್ತದೆ. ರಕ್ತದ ಟೆಸ್ಟು ಐಜಿಇ ಎಷ್ಟಿದೆ ಎಂದು ಎಣಿಸುತ್ತದೆ. ಕೋಶ ಅದಕ್ಕೆ ಓಗೊಡುತ್ತದೋ ಇಲ್ಲವೋ ಎಂದು ತಿಳಿಯಲು ಕೋಶವನ್ನೇ ಕೇಳಬೇಕು.

ನಮ್ಮ ಅಕ್ಕನ ಮಗನ ಕತೆ ಹೇಳುತ್ತೇನೆ. ಅವನಿಗೆ ಮೂರು ವರ್ಷ ಇದ್ದಾಗ ಮೈಮೇಲೆ ದದ್ದು ಬರುತ್ತಿತ್ತು. ಒಂದು ಕಡೆ ಹತ್ತಾರು ಆಹಾರಗಳ ಐಜಿಇಯನ್ನು ಒಟ್ಟಿಗೆ ನೋಡುವ ಪ್ಯಾನಲ್ ಟೆಸ್ಟ್ ಮಾಡಿದರು. ಹಾಲು, ಮೊಟ್ಟೆ, ಕಡಲೆಕಾಯಿ, ಗೋಧಿ ಎಲ್ಲದರ ಮುಂದೆಯೂ ಪಾಸಿಟಿವ್. ಇವೆಲ್ಲ ಬಿಡಿಸಿ ಅಂದರು. ನಮ್ಮ ಕಡೆಯ ಅಡುಗೆಯಲ್ಲಿ ಹಾಲು, ಮೊಸರು, ಕಡಲೆಕಾಯಿ ತೆಗೆದರೆ ಮಗುವಿಗೆ ಏನು ಉಳಿಯುತ್ತದೆ? ಎರಡು ವರ್ಷ ಮುದ್ದೆ, ಅನ್ನ, ಬೇಳೆಸಾರು. ಮಗು ಸೊರಗಿಹೋಯಿತು. ಹಬ್ಬಕ್ಕೆ ನೆಂಟರ ಮನೆಗೆ ಹೋದರೆ ಅಕ್ಕ ಅವನನ್ನು ಪಂಕ್ತಿಯಲ್ಲಿ ಕೂರಿಸುತ್ತಿರಲಿಲ್ಲ. ಆಗ ನಾನಿನ್ನೂ ಎಂಎಸ್‌ಸಿ ಓದುತ್ತಿದ್ದೆ. ಆ ರಿಪೋರ್ಟನ್ನು ನಾನೂ ನಂಬಿದ್ದೆ. ಈಗ ನೆನೆದರೆ ಸಂಕಟ ಆಗುತ್ತದೆ.

ಆಪ್ಟಿಕಲ್ ಸೆನ್ಸರ್ ಅಂದರೆ ಕ್ಯಾಮೆರಾ ತಾನೇ?

ಕ್ಯಾಮೆರಾ ಅದರ ಕೊನೆಯ ಭಾಗ. ಮೊಬೈಲಿನಲ್ಲಿ ಇರುವ ತರಹದ ಸೀಮಾಸ್ ಚಿಪ್ಪೇ ಅಲ್ಲೂ ಇರಬಹುದು. ಆದರೆ ಜೀವಂತ ಕೋಶ ಹೆಚ್ಚುಕಡಿಮೆ ಗಾಜಿನಷ್ಟು ಪಾರದರ್ಶಕ. ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಸುಮ್ನೆ ನೋಡಿದರೆ ಅದು ಕೆರಳಿದೆಯೋ ಇಲ್ಲವೋ ತಿಳಿಯುವುದು ಕಷ್ಟ. ಹಾಗಾಗಿ ಕೋಶದಲ್ಲಿ ಆಗುವ ಬದಲಾವಣೆಯನ್ನು ಬೆಳಕಿನ ಬದಲಾವಣೆಯಾಗಿ ತಿರುಗಿಸುವ ಒಂದು ಉಪಾಯ ಬೇಕು. ಒಂದು ದಾರಿ, ಕೋಶದೊಳಗೆ ಹೊಳೆಯುವ ಬಣ್ಣ ಹಾಕುವುದು. ಇನ್ನೊಂದು ದಾರಿ, ಏನೂ ಹಾಕದೆ ಬೆಳಕು ಬಾಗುವುದನ್ನು ಅಳೆಯುವುದು. ನನಗೆ ಎರಡನೆಯದರ ಮೇಲೆ ಪ್ರೀತಿ ಜಾಸ್ತಿ. ಕೋಶಕ್ಕೆ ಯಾವ ಹಿಂಸೆಯೂ ಇಲ್ಲ. ಅದು ಇದ್ದ ಹಾಗೇ ಇರುತ್ತದೆ.

ಬಣ್ಣ ಹಾಕದೆ ಹೇಗೆ ಕಾಣುತ್ತದೆ? ಅದಕ್ಕೆ ಚಿನ್ನ ಬೇಕು ಅಂತಾರಲ್ಲ, ನಿಜವಾ?

ನಿಜ. ನಮ್ಮ ಅಪ್ಪನಿಗೆ ಇದನ್ನು ಅರ್ಥ ಮಾಡಿಸಿದ್ದು ಕಬ್ಬಿನಿಂದ.

ಕಬ್ಬು ಕಡಿಯುವ ಮುಂಚೆ ಬ್ರಿಕ್ಸ್, ಅಂದರೆ ಸಕ್ಕರೆ ಎಷ್ಟಿದೆ ಎನ್ನುವ ಅಳತೆ, ನೋಡುತ್ತಾರೆ. ಜಲ್ಲೆಯಿಂದ ಎರಡು ಹನಿ ಕಬ್ಬಿನ ಹಾಲು ತೆಗೆದು ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಬಿಟ್ಟು, ಬೆಳಕಿನ ಕಡೆ ಹಿಡಿದು ಕಣ್ಣಿಟ್ಟು ನೋಡುವುದು. ಸಕ್ಕರೆ ಜಾಸ್ತಿ ಇದ್ದಷ್ಟೂ ಬೆಳಕು ಜಾಸ್ತಿ ಬಾಗುತ್ತದೆ. ಗೆರೆ ಮೇಲೇರುತ್ತದೆ. ಈ ಬಾಗುವ ಗುಣಕ್ಕೆ ವಕ್ರೀಭವನ ಸೂಚ್ಯಂಕ ಎನ್ನುತ್ತಾರೆ. ಬರಿ ನೀರಿಗೆ ಅದು 1.333. ಇಪ್ಪತ್ತು ಬ್ರಿಕ್ಸಿನ ಕಬ್ಬಿನ ಹಾಲಿಗೆ ಸುಮಾರು 1.364. ಜೀವಕೋಶದ ಒಳಗಿನ ದ್ರವಕ್ಕೂ ಸುಮಾರು 1.36ರಿಂದ 1.38. ಅಂದರೆ ಪ್ರೋಟೀನ್ ತುಂಬಿದ ಕೋಶ ಬೆಳಕಿನ ಕಣ್ಣಿಗೆ ಒಳ್ಳೆಯ ಕಬ್ಬಿನ ಹಾಲಿನಷ್ಟೇ ಮಂದ. ಇದನ್ನು ಹೇಳಿದಾಗ ಅಪ್ಪ, "ಅಂಗಾರೆ ನೀನು ಕೋಶದ ಬ್ರಿಕ್ಸ್ ನೋಡ್ತಿದ್ದೀಯ ಅನ್ನವ್ವ" ಎಂದರು. ಅಷ್ಟೇ. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ಈಗ ಚಿನ್ನದ ವಿಷಯ. ಕೋಶ ತೀರಾ ಸಣ್ಣದು, ಅದರಲ್ಲಿ ಆಗುವ ಬದಲಾವಣೆ ಇನ್ನೂ ಸಣ್ಣದು. ಕೈಮೀಟರಿಗೆ ಅದು ಸಿಗುವುದಿಲ್ಲ. ಹಾಗಾಗಿ ಗಾಜಿನ ಮೇಲೆ ಸುಮಾರು 50 ನ್ಯಾನೋಮೀಟರ್ ದಪ್ಪದ ಚಿನ್ನದ ಲೇಪ ಕೊಡುತ್ತಾರೆ. ತಲೆಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಮೈಸೂರು ಚಿತ್ರಕಲೆಯಲ್ಲಿ ದೇವರ ಕಿರೀಟಕ್ಕೆ ಅಂಟಿಸುವ ಚಿನ್ನದ ಹಾಳೆಗಿಂತಲೂ ತೆಳು. ಕೆಳಗಿನಿಂದ ಪ್ರಿಸಮ್ ಮೂಲಕ ಬೆಳಕು ಬಿಟ್ಟರೆ ಚಿನ್ನ ಅದನ್ನು ಕನ್ನಡಿಯಂತೆ ವಾಪಸ್ ಕಳಿಸುತ್ತದೆ. ಆದರೆ ಒಂದೇ ಒಂದು ಕೋನದಲ್ಲಿ ಬೆಳಕಿನ ಶಕ್ತಿಯನ್ನು ಚಿನ್ನದೊಳಗಿನ ಎಲೆಕ್ಟ್ರಾನುಗಳು ನುಂಗಿಕೊಂಡು ಅಲೆಯಾಗಿ ಓಲಾಡುತ್ತವೆ. ಆ ಕೋನದಲ್ಲಿ ವಾಪಸ್ ಬರುವ ಬೆಳಕು ಕಪ್ಪಾಗುತ್ತದೆ. ಇದೇ ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್. ಪ್ರಿಸಮ್ಮಿನಿಂದ ಹೀಗೆ ಮಾಡುವ ದಾರಿಯನ್ನು 1968ರಲ್ಲಿ ಜರ್ಮನಿಯಲ್ಲಿ ಓಟೊ ಒಂದು ರೀತಿ, ಕ್ರೆಚ್‌ಮನ್ ಮತ್ತು ರೇತರ್ ಇನ್ನೊಂದು ರೀತಿ ತೋರಿಸಿಕೊಟ್ಟರು. ಈಗ ಹೆಚ್ಚಾಗಿ ಬಳಸುವುದು ಎರಡನೆಯದು.

ಚಿನ್ನದ ಮೇಲೆ ಏನು ಕೂತಿದೆ, ಅದರ "ಬ್ರಿಕ್ಸ್" ಎಷ್ಟು ಎನ್ನುವುದರ ಮೇಲೆ ಆ ಕಪ್ಪು ಕೋನ ಸರಿಯುತ್ತದೆ. ಕೋಶಗಳನ್ನು ಚಿನ್ನದ ಮೇಲೆ ಬೆಳೆಸಿ, ಕೋನವನ್ನು ಒಂದೇ ಕಡೆ ನಿಲ್ಲಿಸಿ, ಕೆಳಗಿನಿಂದ ಕ್ಯಾಮೆರಾದಲ್ಲಿ ಹಿಡಿದರೆ ಕೋಶ ಇರುವ ಜಾಗ ಒಂದು ಹೊಳಪು, ಇಲ್ಲದ ಜಾಗ ಇನ್ನೊಂದು ಹೊಳಪು. ಅಲರ್ಜನ್ ಹಾಕಿದ ಮೇಲೆ ಯಾವ ಕೋಶದ ಹೊಳಪು ಏರುತ್ತದೆಯೋ ಅದು ಕೆರಳಿತು ಎಂದು ಅರ್ಥ. ಚಿನ್ನವೇ ಯಾಕೆ ಎಂದರೆ, ಬೆಳ್ಳಿಯಲ್ಲೂ ಈ ಗುಣ ಇದೆ, ಆದರೆ ಬೆಳ್ಳಿ ಕಪ್ಪಾಗುತ್ತದೆ. ಉಪ್ಪುನೀರಿನಲ್ಲಿ, ಕೋಶದ ಪಕ್ಕದಲ್ಲಿ ಗಂಟೆಗಟ್ಟಲೆ ಕೆಡದೆ ಇರುವುದು ಚಿನ್ನ.

ಹಾಗಾದರೆ ಇಡೀ ಕೋಶ ಕಾಣುತ್ತದಾ?

ಇಲ್ಲ. ಚಿನ್ನದಿಂದ ಮೇಲಕ್ಕೆ ಕೆಲವು ನೂರು ನ್ಯಾನೋಮೀಟರ್ ಮಾತ್ರ. ಕೋಶದ ಎತ್ತರದಲ್ಲಿ ಅದು ಸಣ್ಣ ಪಾಲು. ಹೆಂಚಿನ ಮೇಲಿನ ದೋಸೆಯಲ್ಲಿ ಹೆಂಚಿಗೆ ತಾಗಿದ ಮೈಯನ್ನು ಮಾತ್ರ ನೋಡಿದ ಹಾಗೆ.

ಆದರೆ ಅದೇ ಇದರ ಬಲ ಕೂಡ. ಕೋಶ ಕೆರಳಿದಾಗ ಅದರ ಅಡಿ ಅಗಲವಾಗಿ ಹರಡಿಕೊಳ್ಳುತ್ತದೆ, ಒಳಗಿನ ಪ್ರೋಟೀನುಗಳು ಪೊರೆಯ ಕಡೆ ಓಡುತ್ತವೆ. ಆ ಓಡಾಟವೆಲ್ಲ ಅಡಿಯಲ್ಲಿ ಕಾಣುತ್ತದೆ. ಜಪಾನಿನ ಹಿರೋಶಿಮಾ ವಿಶ್ವವಿದ್ಯಾಲಯದ ತಂಡ 2002ರಲ್ಲಿ ಜೀವಂತ ಮಾಸ್ಟ್ ಕೋಶಗಳನ್ನು ಹೀಗೆ ಚಿನ್ನದ ಮೇಲೆ ಕೂರಿಸಿ ನೋಡಿತು. ಅಲರ್ಜನ್ ಬಂದು ಅಂಟಿದ್ದಕ್ಕೆ ಇಷ್ಟು ಏರಬೇಕು ಎನ್ನುವ ಲೆಕ್ಕಕ್ಕಿಂತ ಎಷ್ಟೋ ದೊಡ್ಡ ಸಿಗ್ನಲ್ ಬಂತು. ಅಂದರೆ ಕಾಣುತ್ತಿರುವುದು ಬರಿ ಅಂಟುವಿಕೆ ಅಲ್ಲ, ಕೋಶದ ಒಳಗಿನ ಓಡಾಟ. ಅದೇ ತಂಡ ಮುಂದೆ ಮನುಷ್ಯರ ಬೇಸೋಫಿಲ್‌ಗಳನ್ನು ಒಂದೊಂದಾಗಿ ಚಿತ್ರದಲ್ಲಿ ಹಿಡಿಯುವವರೆಗೆ ಹೋಯಿತು.

ಒಂದು ಎಚ್ಚರಿಕೆ. ಈ ಸಿಗ್ನಲ್ ಏರಿದ ಕೂಡಲೇ ಹಿಸ್ಟಮಿನ್ ಹೊರಗೆ ಬಂತು ಎಂದು ಹೇಳುವಂತಿಲ್ಲ. ಎರಡೂ ಬೇರೆ ಬೇರೆ ಘಟನೆ. ಸಾಮಾನ್ಯವಾಗಿ ಜೊತೆಗೆ ಬರುತ್ತವೆ, ಅಷ್ಟೆ. ಅದಕ್ಕೇ ನಾವು ಹೊರಗೆ ಚೆಲ್ಲಿದ ಪದಾರ್ಥವನ್ನೂ ಬೇರೆಯಾಗಿ ಅಳೆದು ತಾಳೆ ನೋಡುತ್ತೇವೆ.

ಹೊಳೆಯುವ ಬಣ್ಣ ಹಾಕುವ ವಿಧಾನ ಹಳೆಯದಾಯಿತಾ?

ಖಂಡಿತ ಇಲ್ಲ. ಕೋಶದೊಳಗೆ ನಿಂತ ಹೊತ್ತಿನಲ್ಲಿ ಕ್ಯಾಲ್ಸಿಯಂ ಸುಮಾರು 100 ನ್ಯಾನೋಮೋಲಾರ್. ಹೊರಗೆ ಅದರ ಹತ್ತು ಸಾವಿರ ಪಟ್ಟು. ಕೋಶ ಎಚ್ಚರಗೊಂಡ ಕ್ಷಣ ಒಳಗಿನ ಮಟ್ಟ ಮೇಲಕ್ಕೆ ಜಿಗಿಯುತ್ತದೆ. ಕ್ಯಾಲ್ಸಿಯಂ ಸಿಕ್ಕರೆ ಹೊಳಪು ಬದಲಾಗುವ ಫ್ಯೂರಾ-2 ಎನ್ನುವ ಬಣ್ಣವನ್ನು 1985ರಲ್ಲಿ ರೋಜರ್ ಚೆನ್ ಮತ್ತು ಅವರ ಜೊತೆಗಾರರು ಕೊಟ್ಟರು. ಇವತ್ತಿಗೂ ಎಷ್ಟೋ ಲ್ಯಾಬುಗಳಲ್ಲಿ ಅದೇ. ಕತ್ತಲ ಕೋಣೆಯಲ್ಲಿ ಪರದೆಯ ಮೇಲೆ ಒಂದೊಂದೇ ಕೋಶ ಹತ್ತಿಕೊಳ್ಳುವುದನ್ನು ಮೊದಲ ಸಲ ನೋಡಿದಾಗ ನನಗೆ ದಸರಾದಲ್ಲಿ ಅರಮನೆಯ ದೀಪ ಹತ್ತುವುದು ನೆನಪಾಗಿತ್ತು. ಒಂದೇ ವ್ಯತ್ಯಾಸ. ಇಲ್ಲಿ ಎಲ್ಲ ಒಟ್ಟಿಗೆ ಹತ್ತುವುದಿಲ್ಲ. ಒಂದು ಬೇಗ, ಒಂದು ತಡ, ಒಂದು ಹತ್ತುವುದೇ ಇಲ್ಲ.

ಆಸ್ಪತ್ರೆಗೆ ಹತ್ತಿರವಾದ ಇನ್ನೊಂದು ವಿಧಾನ ಇದೆ. ಬೇಸೋಫಿಲ್ ಕೆರಳಿ ಚೀಲ ಒಡೆದಾಗ, ಚೀಲದ ಒಳಗೋಡೆಯಲ್ಲಿದ್ದ ಸಿಡಿ63 ಎನ್ನುವ ಪ್ರೋಟೀನ್ ಕೋಶದ ಹೊರಮೈಗೆ ಬರುತ್ತದೆ. ಅದಕ್ಕೆ ಹೊಳೆಯುವ ಪ್ರತಿಕಾಯ ಅಂಟಿಸಿ, ಲೇಸರಿನ ಮುಂದೆ ಕೋಶಗಳನ್ನು ಸಾಲಾಗಿ ಹರಿಸಿ ಎಣಿಸುತ್ತಾರೆ. ಬೇಸೋಫಿಲ್ ಆಕ್ಟಿವೇಷನ್ ಟೆಸ್ಟ್ ಎಂದು ಕೇಳಿದ್ದರೆ ಅದು ಇದೇ. ಇದರಲ್ಲಿ ಕೋಶದ ಒಂದು ಕ್ಷಣದ ಲೆಕ್ಕ ಸಿಗುತ್ತದೆ. ಚಿನ್ನದ ಚಿಪ್ಪಿನಲ್ಲಿ ಅದೇ ಕೋಶವನ್ನು ಶುರುವಿನಿಂದ ಕೊನೆವರೆಗೆ ನೋಡಬಹುದು.

ಎಷ್ಟು ರಕ್ತ ಬೇಕು? ಮಳವಳ್ಳಿಯಲ್ಲಿ ತೆಗೆದು ಮೈಸೂರಿಗೆ ಕಳಿಸಿದರೆ ನಡೆಯುತ್ತದಾ?

ಬೇಸೋಫಿಲ್ ಟೆಸ್ಟಿಗೆ ಕೆಲವು ಎಂಎಲ್ ರಕ್ತ ಸಾಕು. ಆದರೆ ತೊಡಕು ಸಮಯದ್ದು. ಬೇಸೋಫಿಲ್ ಜೀವಂತ ಇರಬೇಕು, ಚುರುಕಾಗಿರಬೇಕು. ರಕ್ತ ತೆಗೆದ ದಿನವೇ ನೋಡುವುದು ಒಳ್ಳೆಯದು. ಒಂದು ದಿನ ದಾಟಿದರೆ ಉತ್ತರವನ್ನು ನಂಬುವುದು ಕಷ್ಟ. ಮಳವಳ್ಳಿಯಿಂದ ಬೆಳಗ್ಗೆ ತೆಗೆದು ಬಸ್ಸಿನಲ್ಲಿ ತಂದರೂ ಹೊತ್ತಿಗೆ ತಲುಪುತ್ತದೆ. ದೂರದ ಊರುಗಳಿಗೆ ಆಗುವುದಿಲ್ಲ.

ಇದಕ್ಕೊಂದು ಜಾಣ ದಾರಿ ಇದೆ. ರಕ್ತದ ಸೀರಮ್ಮನ್ನು (ಕಣಗಳನ್ನು ಬೇರ್ಪಡಿಸಿದ ತಿಳಿ ದ್ರವ) ಮಾತ್ರ ತೆಗೆದು ಫ್ರೀಜ್ ಮಾಡಿ ಕಳಿಸುವುದು. ಅದರಲ್ಲಿ ರೋಗಿಯ ಐಜಿಇ ಇರುತ್ತದೆ, ಕೆಡುವುದಿಲ್ಲ. ಲ್ಯಾಬಿನಲ್ಲಿ ಬೆಳೆಸಿದ ಕೋಶಗಳ ಮೇಲೆ ಆ ಐಜಿಇಯನ್ನು ಕೂರಿಸಿ, ಆಮೇಲೆ ಅಲರ್ಜನ್ ಹಾಕಿ ನೋಡಬಹುದು.

ಆ ಲ್ಯಾಬಿನ ಕೋಶ ಇಲಿಯದ್ದಂತೆ. ಇಲಿಯ ಕೋಶ ನಮ್ಮ ಅಲರ್ಜಿ ಹೇಗೆ ಹೇಳುತ್ತದೆ?

ಒಳ್ಳೆಯ ಪ್ರಶ್ನೆ. ಲೋಕದ ಅಲರ್ಜಿ ಲ್ಯಾಬುಗಳಲ್ಲಿ ಬಹಳ ಬಳಕೆಯಲ್ಲಿರುವುದು ಆರ್‌ಬಿಎಲ್-2ಎಚ್3 ಎನ್ನುವ ಇಲಿಯ ಕೋಶ. ಬೆಳೆಸುವುದು ಸುಲಭ, ಕೆರಳಿಸುವುದೂ ಸುಲಭ. ಆದರೆ ಅದರ ಮೈಮೇಲಿನ ಗ್ರಾಹಕಕ್ಕೆ (ಐಜಿಇ ಬಂದು ಕೂರುವ ಪ್ರೋಟೀನ್) ಮನುಷ್ಯರ ಐಜಿಇ ಕೂರುವುದಿಲ್ಲ. ಬೀಗಕ್ಕೆ ಬೇರೆ ಬೀಗದ ಕೈ ಹಾಕಿದ ಹಾಗೆ. ಅದಕ್ಕೆ ಮನುಷ್ಯರ ಗ್ರಾಹಕದ ಜೀನ್ ಸೇರಿಸಿದ ಕೋಶಗಳನ್ನು ತಯಾರಿಸಿದ್ದಾರೆ. ಆಗ ನಮ್ಮ ಐಜಿಇ ಕೂರುತ್ತದೆ. ಇಂಥ ಕೋಶಗಳಿಗೆ ಮಿಂಚುಹುಳುವಿನ ಲೂಸಿಫರೇಸ್ ಜೀನನ್ನೂ ಸೇರಿಸಿ, ಕೆರಳಿದರೆ ಬೆಳಕು ಬರುವಂತೆ ಜಪಾನಿನಲ್ಲಿ ಮಾಡಿದ್ದಾರೆ.

ಆದರೂ ಇದು ರೋಗಿಯ ಸ್ವಂತ ಕೋಶ ಅಲ್ಲ. ಅವರ ಕೋಶ ಎಷ್ಟು ಬೇಗ ರೇಗುವ ಸ್ವಭಾವದ್ದು ಎನ್ನುವುದು ಇದರಲ್ಲಿ ಗೊತ್ತಾಗುವುದಿಲ್ಲ. ಇನ್ನೊಂದು ಕಡೆ, ಸ್ವಂತ ಬೇಸೋಫಿಲ್ ತೆಗೆದರೂ ಕೆಲವರ ಕೋಶಗಳು ಐಜಿಇ ದಾರಿಯಲ್ಲಿ ಏನು ಹಾಕಿದರೂ ಓಗೊಡುವುದಿಲ್ಲ. ಅಂಥವರಿಗೆ ಸೀರಮ್ ದಾರಿಯೇ ಗತಿ.

ಕಾಂಗ್ರೆಸ್ ಗಿಡದಿಂದ ಮೈಯೆಲ್ಲ ತುರಿಕೆ. ಇದರಲ್ಲಿ ಗೊತ್ತಾಗುತ್ತದಾ?

ಪಾರ್ಥೇನಿಯಂ ಮುಟ್ಟಿ ಅಥವಾ ಅದರ ಒಣಪುಡಿ ಗಾಳಿಯಲ್ಲಿ ತಾಗಿ ಮುಖ, ಕತ್ತು, ಕೈಗಳ ಚರ್ಮ ದಪ್ಪಗಾಗಿ ಬಿರುಕು ಬಿಡುವುದು ಬೇರೆಯೇ ಅಲರ್ಜಿ. ಅದರಲ್ಲಿ ಐಜಿಇಯ ಪಾತ್ರ ಮುಖ್ಯ ಅಲ್ಲ. ಟಿ-ಕೋಶ ಎನ್ನುವ ಬೇರೆ ಬಿಳಿ ರಕ್ತಕಣಗಳು ಒಂದೆರಡು ದಿನ ತೆಗೆದುಕೊಂಡು ಮಾಡುವ ಕೆಲಸ ಅದು. ಅದಕ್ಕೆ ಬೆನ್ನಿನ ಮೇಲೆ ಪ್ಯಾಚ್ ಅಂಟಿಸಿ 48 ಗಂಟೆ ಬಿಟ್ಟು ನೋಡುವ ಟೆಸ್ಟ್ ಇದೆ. ಚರ್ಮದ ಡಾಕ್ಟರ ಹತ್ತಿರ ಹೋಗಿ. ನಮ್ಮ ಸೆನ್ಸರಿನಲ್ಲಿ ನಿಮಿಷಗಳಲ್ಲಿ ಕೆರಳುವ ಕೋಶವನ್ನು ಮಾತ್ರ ನೋಡುತ್ತೇವೆ.

ಆದರೆ ಅದೇ ಗಿಡದ ಪರಾಗದಿಂದ ಸೀನು, ಕಣ್ಣುರಿ ಬಂದರೆ ಅದು ಐಜಿಇ ದಾರಿ ಇರಬಹುದು. ಅದನ್ನು ಕೋಶದಲ್ಲಿ ನೋಡಬಹುದು. ಗಿಡದ ರಸ ಮಾತ್ರ ಹಾಗೇ ಹಾಕುವಂತಿಲ್ಲ. ಅದರಲ್ಲಿರುವ ಪಾರ್ಥೇನಿನ್ ಕೋಶವನ್ನೇ ಕೊಲ್ಲುತ್ತದೆ. ಸಾಯುತ್ತಿರುವ ಕೋಶದ ಸಿಗ್ನಲನ್ನು ಅಲರ್ಜಿ ಎಂದು ಓದಿದರೆ ದೊಡ್ಡ ತಪ್ಪಾಗುತ್ತದೆ.

ಬದನೆಕಾಯಿ ತಿಂದರೆ ಬಾಯಿ ತುರಿಸುತ್ತದೆ. ಅದು ಅಲರ್ಜಿ ಅಲ್ವಾ?

ಇರಬಹುದು, ಇಲ್ಲದೆಯೂ ಇರಬಹುದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಬದನೆಕಾಯಿಯ ಮೇಲೆ ಒಳ್ಳೆಯ ಕೆಲಸ ನಡೆದಿದೆ. ಬದನೆಕಾಯಿಯಲ್ಲೇ ಹಿಸ್ಟಮಿನ್ ಇರುತ್ತದೆ. ನಮ್ಮ ಕೋಶ ಚೆಲ್ಲುವ ಅದೇ ಪದಾರ್ಥ, ತಟ್ಟೆಯಿಂದಲೇ ಬರುತ್ತದೆ. ಹಿಸ್ಟಮಿನ್ ತಡೆಯದವರಿಗೆ ಅದರಿಂದಲೇ ತುರಿಸಬಹುದು. ಕೆಲವರಿಗೆ ಮಾತ್ರ ನಿಜವಾದ ಐಜಿಇ ಅಲರ್ಜಿ. ಚರ್ಮದ ಮೇಲೆ ಚುಚ್ಚಿ ನೋಡುವ ಟೆಸ್ಟಿಗೂ ಇದು ತಲೆನೋವು, ಯಾಕೆಂದರೆ ರಸದಲ್ಲಿರುವ ಹಿಸ್ಟಮಿನ್ನೇ ದದ್ದು ಏಳಿಸಬಹುದು. ಕೋಶದ ಸೆನ್ಸರ್ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕೋಶ ಕೆರಳಿತಾ ಎಂದು ಅದು ನೋಡುತ್ತದೆ, ಬಂದ ಹಿಸ್ಟಮಿನ್ ಯಾರದ್ದು ಎಂಬ ಗೊಂದಲ ಇಲ್ಲ.

ರೇಷ್ಮೆ ಮನೆಯಲ್ಲಿ ಕೆಲಸ ಮಾಡುವವರಿಗೆ ಉಬ್ಬಸ ಬರುತ್ತದಲ್ಲ?

ಬರುತ್ತದೆ. ಬಿತ್ತನೆ ಗೂಡಿನಿಂದ ಚಿಟ್ಟೆ ಹೊರಬರುವ ಕಡೆ ರೆಕ್ಕೆಯ ಪುಡಿ ಗಾಳಿಯಲ್ಲಿ ತುಂಬಿರುತ್ತದೆ. ನೂಲು ಬಿಚ್ಚುವ ಕಡೆ ಗೂಡು ಬೇಯಿಸಿದ ಹಬೆಯಲ್ಲಿ ಹುಳುವಿನ ಪ್ರೋಟೀನ್ ಇರುತ್ತದೆ. ರೇಷ್ಮೆ ಹುಳುವಿನ ಅರ್ಜಿನೈನ್ ಕೈನೇಸ್ ಎನ್ನುವ ಪ್ರೋಟೀನ್ ಗೊತ್ತಿರುವ ಅಲರ್ಜನ್. ಜಿರಳೆಯಲ್ಲೂ ಅದರ ಹತ್ತಿರದ ರೂಪ ಇದೆ. ಹಾಗಾಗಿ ರೇಷ್ಮೆ ಮುಟ್ಟದವರ ರಕ್ತದಲ್ಲೂ ರೇಷ್ಮೆಗೆ ಪಾಸಿಟಿವ್ ಬರಬಹುದು. ಯಾವುದು ನಿಜಕ್ಕೂ ಕೋಶವನ್ನು ಕೆರಳಿಸುತ್ತಿದೆ ಎಂದು ಬೇರ್ಪಡಿಸಲು ಎರಡನ್ನೂ ಒಂದೊಂದಾಗಿ, ಬೇರೆ ಬೇರೆ ಪ್ರಮಾಣದಲ್ಲಿ ಕೋಶದ ಮೇಲೆ ಹಾಕಿ ನೋಡಬೇಕು. ಕಡಿಮೆ ಪ್ರಮಾಣಕ್ಕೇ ಯಾವುದು ಕೆರಳಿಸುತ್ತದೆಯೋ ಅದರ ಮೇಲೆ ಅನುಮಾನ ಜಾಸ್ತಿ. ಜಿಲ್ಲೆಯ ಇಷ್ಟೊಂದು ಮನೆಗಳು ಹುಳು ಸಾಕಿ ಬದುಕುತ್ತಿವೆ. ಈ ಕೆಲಸ ನಮ್ಮಲ್ಲೇ ಆಗಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಅಲರ್ಜಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಟೆಸ್ಟ್ ಕೆಡುತ್ತದಾ?

ಚರ್ಮದ ಟೆಸ್ಟ್ ಕೆಡುತ್ತದೆ. ಅದಕ್ಕೇ ಸೆಟ್ರಿಜಿನ್ ತರಹದ ಮಾತ್ರೆಯನ್ನು ಕೆಲವು ದಿನ ಮುಂಚೆ ನಿಲ್ಲಿಸಲು ಡಾಕ್ಟರು ಹೇಳುತ್ತಾರೆ. ಕೋಶದ ಟೆಸ್ಟಿಗೆ ಆ ಮಾತ್ರೆಯ ಅಡ್ಡಿ ಇಲ್ಲ. ಮಾತ್ರೆ ಹಿಸ್ಟಮಿನ್ ಹೋಗಿ ಕೂರುವ ಜಾಗವನ್ನು ಮುಚ್ಚುತ್ತದೆ, ಕೋಶ ಹಿಸ್ಟಮಿನ್ ಚೆಲ್ಲುವುದನ್ನು ತಡೆಯುವುದಿಲ್ಲ. ಸ್ಟೀರಾಯ್ಡ್ ಮಾತ್ರೆ ಬೇರೆ ವಿಷಯ, ಅದರಿಂದ ವ್ಯತ್ಯಾಸ ಆಗಬಹುದು. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ.

ಸೆನ್ಸರ್ ಸುಳ್ಳು ಹೇಳುತ್ತದಾ?

ಹೇಳುತ್ತದೆ. ಒಂದು ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಯಿತು. ಯುಪಿಎಸ್ ಇದ್ದದ್ದರಿಂದ ಯಂತ್ರ ನಡೆಯುತ್ತಲೇ ಇತ್ತು, ಎಸಿ ನಿಂತಿತು. ಸ್ವಲ್ಪ ಹೊತ್ತಿಗೆ ಮುಂಚೆ ಅಲರ್ಜನ್ ಹಾಕಿದ್ದೆವು. ಪರದೆಯ ಮೇಲೆ ಗೆರೆ ಚೆಂದವಾಗಿ ಸರಿಯುತ್ತಾ ಹೋಯಿತು. ಎಲ್ಲರಿಗೂ ಖುಷಿ. ಆಮೇಲೆ ಕೋಶವೇ ಇಲ್ಲದ ಬರಿ ಚಿನ್ನದ ಜಾಗವನ್ನು ನೋಡಿದರೆ ಅಲ್ಲೂ ಅದೇ ಗೆರೆ. ನಾವು ನೋಡಿದ್ದು ನೀರಿನ ಉಷ್ಣತೆಯನ್ನು. ಒಂದು ಡಿಗ್ರಿ ಬದಲಾದರೂ ನೀರಿನ ಸೂಚ್ಯಂಕ ಹತ್ತುಸಾವಿರದಲ್ಲಿ ಒಂದರಷ್ಟು ಸರಿಯುತ್ತದೆ. ಈ ಯಂತ್ರಕ್ಕೆ ಅದು ದೊಡ್ಡ ಸಂಖ್ಯೆ. ಕಬ್ಬಿನ ಬ್ರಿಕ್ಸ್ ನೋಡುವಾಗಲೂ ಬಿಸಿಲಿನ ಲೆಕ್ಕ ಕಳೆಯಬೇಕು ಎಂದು ಅಪ್ಪನಿಗೆ ಗೊತ್ತಿತ್ತು. ನಾನು ಮರೆತಿದ್ದೆ. ಆ ದಿನದ ಲೆಕ್ಕವನ್ನೆಲ್ಲ ಬಿಸಾಕಿದೆವು.

ಅಲರ್ಜನ್ನಿನ ದ್ರಾವಣವೇ ನೀರಿಗಿಂತ ಮಂದ ಇದ್ದರೂ ಗೆರೆ ಏರುತ್ತದೆ. ಹಾಗಾಗಿ ಪ್ರತಿ ಸಲವೂ ಮೂರು ಜೊತೆಗಾರರು ಇರಲೇಬೇಕು. ಕೋಶ ಇಲ್ಲದ ಜಾಗ. ಐಜಿಇ ಕೂರಿಸದ ಕೋಶ. ಮತ್ತು ಐಜಿಇಯನ್ನೇ ಹಿಡಿದೆಳೆಯುವ ಪ್ರತಿಕಾಯ ಹಾಕಿದ ಕೋಶ, ಅದು ಕೆರಳಲೇಬೇಕು. ಮೂರನೆಯದು ಕೆರಳದಿದ್ದರೆ ಆ ದಿನ "ಅಲರ್ಜಿ ಇಲ್ಲ" ಎಂದು ಬರೆಯುವ ಹಕ್ಕು ನಮಗಿಲ್ಲ. ಯಾರಾದರೂ ನಿಮಗೆ ಇಂಥ ಚಿತ್ರ ತೋರಿಸಿದರೆ ಮೊದಲು ಈ ಮೂರನ್ನು ಕೇಳಿ.

ಇದನ್ನು ಮೈಸೂರಿನಲ್ಲೋ ಮಂಡ್ಯದಲ್ಲೋ ಮಾಡಿಸಬಹುದಾ?

ಚಿನ್ನದ ಚಿಪ್ಪಿನ ವಿಧಾನ ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ. ಆಸ್ಪತ್ರೆಯ ಕೌಂಟರಿನಲ್ಲಿ ದುಡ್ಡು ಕಟ್ಟಿ ಮಾಡಿಸುವ ಟೆಸ್ಟ್ ಅಲ್ಲ. ನಿಮಗೆ ಈಗ ತೊಂದರೆ ಇದ್ದರೆ ಅಲರ್ಜಿ ನೋಡುವ ಡಾಕ್ಟರ ಹತ್ತಿರ ಹೋಗಿ. ಏನು ತಿಂದಿರಿ, ಎಷ್ಟು ಹೊತ್ತಿಗೆ ಏನಾಯಿತು, ಎಷ್ಟು ಸಲ ಹಾಗಾಯಿತು ಎಂದು ಬರೆದುಕೊಂಡು ಹೋಗಿ. ಆ ಚೀಟಿ ಯಾವ ಪ್ಯಾನಲ್ ಟೆಸ್ಟಿಗಿಂತಲೂ ಬೆಲೆಬಾಳುತ್ತದೆ. ಆಮೇಲೆ ಅನುಮಾನ ಇರುವ ಒಂದೆರಡು ವಸ್ತುಗಳಿಗೆ ಚರ್ಮದ ಟೆಸ್ಟೋ ರಕ್ತದ ಟೆಸ್ಟೋ ಮಾಡುತ್ತಾರೆ. ಚರ್ಮದ ಟೆಸ್ಟಿನ ಉತ್ತರ 15-20 ನಿಮಿಷದಲ್ಲಿ ಸಿಗುತ್ತದೆ.

ಮನೆಯಲ್ಲೇ ಒಂಚೂರು ತಿನ್ನಿಸಿ ನೋಡಿದರೆ?

ಬೇಡ. ದಯವಿಟ್ಟು ಬೇಡ. ಆಹಾರ ಕೊಟ್ಟು ನೋಡುವುದು ಒಂದು ನಿಜವಾದ ಪರೀಕ್ಷೆ. ಆದರೆ ಅದನ್ನು ಆಸ್ಪತ್ರೆಯಲ್ಲಿ, ಡಾಕ್ಟರ ಎದುರಿಗೆ, ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲೇ ಇಟ್ಟುಕೊಂಡು, ಗುಲಗಂಜಿಯಷ್ಟರಿಂದ ಶುರುಮಾಡಿ ಮಾಡುತ್ತಾರೆ. ಏನಾದರೂ ತಿಂದ ಮೇಲೆ ಉಸಿರು ಕಟ್ಟಿದರೆ, ಗಂಟಲು ಬಿಗಿದರೆ, ತಲೆ ಸುತ್ತಿ ಬಿದ್ದರೆ, ದದ್ದಿನ ಜೊತೆ ಮೇಲಿಂದ ಮೇಲೆ ವಾಂತಿ ಆದರೆ ಮಾತ್ರೆ ನುಂಗಿ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಓಡಿ. ಆಗ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್.

ನಿಮ್ಮ ಅಕ್ಕನ ಮಗ ಈಗ ಹೇಗಿದ್ದಾನೆ?

ಊರಿನಲ್ಲಿ ಎಲ್ಲರೂ ಕೊನೆಗೆ ಇದನ್ನೇ ಕೇಳುತ್ತಾರೆ. ಅವನಿಗೆ ಐದು ತುಂಬಿದ ಮೇಲೆ ಒಬ್ಬರು ಅಲರ್ಜಿ ಡಾಕ್ಟರು ಹಳೆಯ ರಿಪೋರ್ಟನ್ನು ಪಕ್ಕಕ್ಕಿಟ್ಟು, ಅಕ್ಕನನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ಒಂದೊಂದೇ ಆಹಾರವನ್ನು ಬೇರೆ ಬೇರೆ ದಿನ ಆಸ್ಪತ್ರೆಯಲ್ಲೇ ಕೊಟ್ಟು ನೋಡಿದರು. ಹಾಲಿಗೆ ಏನೂ ಆಗಲಿಲ್ಲ. ಗೋಧಿಗೂ ಆಗಲಿಲ್ಲ. ಕಡಲೆಕಾಯಿಯ ದಿನ ನಾನೂ ಹೋಗಿದ್ದೆ. ಅಕ್ಕ ಸೆರಗಿನ ತುದಿ ಹಿಡಿದು ಕೂತಿದ್ದಳು. ಅವನು ಒಂದು ತಿಂದ, ಎರಡು ತಿಂದ, ಕೊನೆಗೆ ಬಟ್ಟಲು ಖಾಲಿ ಮಾಡಿ, "ಇಷ್ಟೇನಾ ಚಿಕ್ಕಮ್ಮ?" ಎಂದ. ಮೊಟ್ಟೆಗೆ ಮಾತ್ರ ಎರಡನೇ ಸಲ ಕೊಟ್ಟಾಗಲೇ ತುಟಿ ಊದಿಕೊಂಡಿತು. ಅದು ನಿಜವಾದದ್ದು.

ಈಗ ಅವನಿಗೆ ಒಂಬತ್ತು. ಹೊಲದಲ್ಲಿ ಹಸಿ ಕಡಲೆಕಾಯಿ ಕಿತ್ತು ಅಲ್ಲೇ ಬಿಡಿಸಿ ತಿನ್ನುತ್ತಾನೆ. ಮೊಟ್ಟೆ ಇನ್ನೂ ಇಲ್ಲ. ಬಹಳ ಮಕ್ಕಳಿಗೆ ವಯಸ್ಸಾದ ಹಾಗೆ ಅದು ಹೋಗುತ್ತದೆ. ಮುಂದಿನ ಬೇಸಿಗೆ ರಜೆಯಲ್ಲಿ ಮತ್ತೊಮ್ಮೆ ಕೊಟ್ಟು ನೋಡೋಣ ಎಂದು ಡಾಕ್ಟರು ಹೇಳಿದ್ದಾರೆ.